ಈರುಳ್ಳಿ ಸಿಪ್ಪೆಯಿಂದ ಶುಗರ್ ಮಾತ್ರೆಯವರೆಗೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಈರುಳ್ಳಿ ಸಿಪ್ಪೆ ಕೇಳಿದ್ದಕ್ಕೆ ಅಂಗಡಿಯವರು ನಕ್ಕರು. 'ದನಾನೂ ಮೂಸಲ್ಲ ಕಣಮ್ಮ, ಚೀಲಾನೇ ತಗೊಂಡೋಗು.' ಶುಗರ್ ಕಾಯಿಲೆಗೆ ಔಷಧಿ ಹುಡುಕುವ ಎಂ.ಫಾರ್ಮ್ ಪ್ರಾಜೆಕ್ಟಿಗೆ ನನಗೆ ಬೇಕಿದ್ದದ್ದು ಅದರೊಳಗಿನ ಕ್ವೆರ್ಸೆಟಿನ್ ಎಂಬ ಹಳದಿ ವಸ್ತು. ಆಲ್ಕೋಹಾಲಿನಲ್ಲಿ ನೆನೆಸಿ, ಸೋಸಿ, ಕಾಲಮ್ಮಿನಲ್ಲಿ ಇಳಿಸಿದ್ದೆಲ್ಲ ಮಾಮೂಲಿ ಕೆಲಸ.

ಕ್ವೆರ್ಸೆಟಿನ್ ಅಣುವಿನಲ್ಲಿ ಐದು ಹೈಡ್ರಾಕ್ಸಿಲ್ ಗುಂಪುಗಳಿವೆ (ಆಮ್ಲಜನಕ, ಜಲಜನಕದ ಜೋಡಿಗಳು). ಕರುಳು, ಲಿವರ್ ದಾಟುವಾಗ ದೇಹ ಅವುಗಳಿಗೇ ಸಲ್ಫೇಟ್, ಗ್ಲುಕುರೊನೈಡ್ ಎಂಬ ತುಣುಕುಗಳನ್ನು ಅಂಟಿಸುತ್ತೆ. ಇದ್ದ ಹಾಗೇ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಐದನ್ನೂ ಮುಚ್ಚಿಬಿಟ್ಟರೆ? ಅಸಿಟಿಕ್ ಅನ್‌ಹೈಡ್ರೈಡ್, ಪಿರಿಡಿನ್ ಹಾಕಿ, ಐದಕ್ಕೂ ಅಸಿಟೈಲ್ ಮುಚ್ಚಳ ಕೂರಲೆಂದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಐಸ್ ನೀರಿಗೆ ಸುರಿದರೆ, ಅರಿಶಿನದಂತಿದ್ದದ್ದು ಬೆಳ್ಳಗೆ ತಳದಲ್ಲಿ ಕೂತಿತು. ಫೆರಿಕ್ ಕ್ಲೋರೈಡಿಗೆ ಕ್ವೆರ್ಸೆಟಿನ್ ಕಡುಹಸಿರಾಗುತ್ತೆ, ಇದು ಬಣ್ಣವನ್ನೇ ಕೊಡಲಿಲ್ಲ, ಅಂದರೆ ಹೈಡ್ರಾಕ್ಸಿಲ್‌ಗಳು ಮುಚ್ಚಿದ್ದವು. ಅವತ್ತು ಕ್ಯಾಂಟೀನಿನಲ್ಲಿ ಎಲ್ಲರಿಗೂ ನನ್ನ ಲೆಕ್ಕದಲ್ಲಿ ಟೀ.

ಖುಷಿ ಒಂದೇ ವಾರ. ಊಟದ ಪಿಷ್ಟವನ್ನು ಗ್ಲೂಕೋಸಾಗಿ ಒಡೆಯುವ ಆಲ್ಫಾ ಗ್ಲುಕೊಸಿಡೇಸ್ ಕಿಣ್ವವನ್ನು ತಡೆಯಬೇಕಿದ್ದ ಬಿಳಿ ಪುಡಿ ಹೆಚ್ಚುಕಮ್ಮಿ ಸುಮ್ಮನಿತ್ತು. ಕಿಣ್ವವನ್ನು ಹಿಡಿಯುವ ಕೈಗಳನ್ನೇ ನಾನು ಕಟ್ಟಿಹಾಕಿದ್ದೆ. ಆದರೆ ಮೂಲ ಕ್ವೆರ್ಸೆಟಿನ್, ಇದೇ ಕಿಣ್ವವನ್ನು ತಡೆಯುವ ಶುಗರ್ ಮಾತ್ರೆ ಅಕಾರ್ಬೋಸನ್ನೇ ಹಿಂದೆ ಹಾಕಿತ್ತು! ಥೀಸಿಸ್ಸಿನಲ್ಲಿ ಆ ಸಾಲನ್ನು ದಪ್ಪಕ್ಷರದಲ್ಲೇ ಬರೆದೆ.

ಗೈಡ್ ಮೇಡಂ ಓದಿ ಕೇಳಿದ್ದು ಒಂದೇ: 'ಯಾವ ಕಿಣ್ವ?'

'ಯೀಸ್ಟಿಂದು ಮೇಡಂ.'

'ಶುಗರ್ ಬಂದಿರೋದು ಯೀಸ್ಟಿಗಾ?'

ಅಕಾರ್ಬೋಸ್ ಕೆಲಸ ಮಾಡೋದು ಸಸ್ತನಿಗಳ ಕರುಳಿನ ಕಿಣ್ವಗಳ ಮೇಲೆ. ಯೀಸ್ಟ್ ಕಿಣ್ವ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಇಲಿಯ ಕರುಳಿನ ಪುಡಿ ತರಿಸಿ ಮತ್ತೆ ಮಾಡಿದೆ. ಅಕಾರ್ಬೋಸ್ ಎಲ್ಲೋ ಮುಂದೆ, ನನ್ನ ಕ್ವೆರ್ಸೆಟಿನ್ ಎಲ್ಲೋ ಹಿಂದೆ. 'ಅಕಾರ್ಬೋಸಿಗಿಂತ ಮೇಲು' ಎನ್ನುವ ಸಸ್ಯಸಾರದ ಪ್ರಬಂಧ ಕಂಡರೆ ಈಗ ಮೊದಲು ಕಿಣ್ವ ಯಾವುದೆಂದು ಹುಡುಕುತ್ತೇನೆ.

ಅಣುವಿನಲ್ಲಿ ಎಲ್ಲಿ ಕೈ ಹಾಕಬೇಕೆಂದು ಆಮೇಲೆ ತಿಳಿದದ್ದು ಫ್ಲೊರಿಜಿನ್‌ನಿಂದ. 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕ, ಕ್ವೆರ್ಸೆಟಿನ್ ಸೇರಿದ ಫ್ಲೇವನಾಯ್ಡ್ ಬಳಗದ್ದೇ ಅಣು. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುತ್ತೆ. ಆದರೆ ಅದರ ಗ್ಲೂಕೋಸ್ ಆಮ್ಲಜನಕದ ಮೂಲಕ ಅಂಟಿದೆ, ನುಂಗಿದರೆ ಕರುಳಲ್ಲೇ ಕಳಚಿಕೊಳ್ಳುತ್ತೆ. ರಸಾಯನಶಾಸ್ತ್ರಜ್ಞರು ಆ ಕೊಂಡಿಯಲ್ಲಿ ಆಮ್ಲಜನಕ ತೆಗೆದು ಇಂಗಾಲಕ್ಕೇ ಇಂಗಾಲ ಬೆಸೆದರು, ಉಳಿದ ಉಂಗುರಗಳನ್ನೂ ತಿದ್ದಿದರು. ಡಾಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ಬಂದದ್ದು ಹಾಗೆ. ಸಕ್ಕರೆಯ ಹೈಡ್ರಾಕ್ಸಿಲ್‌ಗಳನ್ನು ಅದರಲ್ಲಿ ಮುಚ್ಚಿಲ್ಲ.

ಅರಸೀಕೆರೆಯ ಚಿಕ್ಕಮ್ಮ ದಿನಾ ನುಂಗೋದು ಅದೇ ಮಾತ್ರೆ. 'ಸಿಪ್ಪೆ ಕಷಾಯ ಕುಡಿದ್ರೆ ಸಾಲ್ದೇನೇ?' ಅಂತ ಫೋನ್ ಮಾಡಿದ್ದರು. 'ಮಾತ್ರೆ ಬಿಡ್ಬೇಡಿ ಚಿಕ್ಕಮ್ಮ' ಅಂದೆ. ಉಳಿದ ಅರ್ಧ ಚೀಲ ಸಿಪ್ಪೆ ಹಾಸ್ಟೆಲ್ ಹಿಂದಿನ ಗೊಬ್ಬರದ ಗುಂಡಿ ಸೇರಿತು.