ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆಯುವ ಮುನ್ನ

1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದಡಿ ಅದೇ ವರ್ಷದ ಅಕ್ಟೋಬರ್ 12ರಂದು ಸ್ಥಾಪನೆಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಮುಖ್ಯವಾಗಿ ಪರಿಶೀಲಿಸುವುದು ಸರ್ಕಾರಿ ನೌಕರರು ಎಸಗಿದ ಹಕ್ಕುಗಳ ಉಲ್ಲಂಘನೆಯನ್ನು, ಇಲ್ಲವೇ ಅಂಥದನ್ನು ತಡೆಯುವಲ್ಲಿ ಅವರು ತೋರಿದ ನಿರ್ಲಕ್ಷ್ಯವನ್ನು. ಆದ್ದರಿಂದ ಅಣ್ಣತಮ್ಮಂದಿರ ಜಮೀನು ವ್ಯಾಜ್ಯ, ನೌಕರಿಯ ಬಡ್ತಿ ತಕರಾರು, ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣ ಇವುಗಳನ್ನು ಬರೆದು ಕಳಿಸಿದರೆ ಸಾಮಾನ್ಯವಾಗಿ ಆರಂಭದಲ್ಲೇ ವಜಾ ಆಗುತ್ತವೆ. ಘಟನೆ ನಡೆದು ಒಂದು ವರ್ಷ ದಾಟಿದ್ದರೂ ಆಯೋಗ ವಿಚಾರಣೆ ನಡೆಸುವಂತಿಲ್ಲ. ಹತ್ತು ಕಚೇರಿ ಅಲೆದ ಮೇಲೆ ಆಯೋಗದ ನೆನಪಾಗುವವರು ಎಡವುವುದು ಇಲ್ಲೇ.

ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ತನ್ನದೇ ರಾಜ್ಯ ಆಯೋಗವಿದೆ. ಒಂದೇ ದೂರನ್ನು ಎರಡೂ ಕಡೆ ಹಾಕಬಾರದು, ಏಕೆಂದರೆ ರಾಜ್ಯ ಆಯೋಗ ಈಗಾಗಲೇ ಕೈಗೆತ್ತಿಕೊಂಡಿರುವ ವಿಷಯವನ್ನು ದೆಹಲಿಯ ರಾಷ್ಟ್ರೀಯ ಆಯೋಗ ವಿಚಾರಿಸುವುದಿಲ್ಲ.

ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ನೊಂದವರ ಪರವಾಗಿ ಬೇರೆಯವರೂ ಸಲ್ಲಿಸಬಹುದು. ಆದರೆ ಹೆಸರಿಲ್ಲದ ದೂರಿಗೆ ಬೆಲೆಯಿಲ್ಲ. ‘ಪೊಲೀಸರು ಅಮಾನುಷವಾಗಿ ವರ್ತಿಸಿದರು’ ಎಂದಷ್ಟೇ ಬರೆದರೆ ಆಯೋಗಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಅದರ ಬದಲು, ‘ಸೋಮವಾರ ರಾತ್ರಿ ಒಂಬತ್ತರ ಸುಮಾರಿಗೆ ನನ್ನ ತಮ್ಮನನ್ನು ಮನೆಯಿಂದ ಠಾಣೆಗೆ ಕರೆದೊಯ್ದರು, ಬುಧವಾರ ಬೆಳಿಗ್ಗೆ ಬಿಟ್ಟು ಕಳಿಸಿದಾಗ ಅವನ ಎಡ ಅಂಗಾಲು ಬಾತಿತ್ತು’ ಎಂದು ತಾರೀಖು, ಠಾಣೆಯ ಹೆಸರು ಸಹಿತ ಬರೆದರೆ ಅದನ್ನು ಠಾಣೆಯ ಡೈರಿಯೊಂದಿಗೆ ತಾಳೆ ನೋಡಬಹುದು, ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಮುರಿದಿರುವುದೂ ಆ ಎರಡು ದಿನಗಳ ಹೆಸರಿನಿಂದಲೇ ಎದ್ದು ಕಾಣುತ್ತದೆ. ಬಾವು ಇಳಿಯುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ಪಡೆದು, ಅದರ ಜೆರಾಕ್ಸ್ ಪ್ರತಿಯನ್ನು ಲಗತ್ತಿಸಿ, ಅಸಲನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಆಯೋಗಕ್ಕಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಉಲ್ಲಂಘನೆ ರುಜುವಾತಾದರೆ ಪರಿಹಾರ ಕೊಡುವಂತೆ, ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸುವಂತೆ ಅದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಕೈಗೊಂಡ ಕ್ರಮವನ್ನು ಸರ್ಕಾರ ಒಂದು ತಿಂಗಳೊಳಗೆ ಅಥವಾ ಆಯೋಗ ಕೊಟ್ಟ ಹೆಚ್ಚಿನ ಅವಧಿಯಲ್ಲಿ ತಿಳಿಸಬೇಕು. ಸಶಸ್ತ್ರ ಪಡೆಗಳ ವಿರುದ್ಧದ ದೂರಿನಲ್ಲಂತೂ ಕೇಂದ್ರ ಸರ್ಕಾರದಿಂದ ವರದಿ ಕೇಳಿ, ಅದರ ಮೇಲೆ ಶಿಫಾರಸು ಮಾಡುವುದಷ್ಟೇ ಅದರ ಕೈಲಿರುವುದು.

ಇಲಾಖೆಯ ವರದಿ ಬಂದ ಬಳಿಕ ಅದರ ಪ್ರತಿಯನ್ನು ನಿಮಗೆ ಕಳಿಸಿ ಅಭಿಪ್ರಾಯ ಕೇಳುವುದುಂಟು. ಈ ಪತ್ರವನ್ನು ಬದಿಗಿಡದೆ, ಒಪ್ಪದ ಪ್ರತಿ ಅಂಶಕ್ಕೂ ಕಾರಣ ಬರೆದು, ಪ್ರಕರಣದ ಸಂಖ್ಯೆಯನ್ನು ಮೇಲ್ಭಾಗದಲ್ಲಿ ನಮೂದಿಸಿ, ಅವರು ಕೊಟ್ಟ ದಿನಾಂಕದೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.