ಬಡಾವಣೆಗೊಂದು ಹೊಸ ಪಾರ್ಕ್: ಎಸ್ಟಿಮೇಟ್ ಆಗುವ ಮುಂಚೆಯೇ ಜನರನ್ನು ಕೇಳಿ

ಪಾರ್ಕಿನ ವಿಚಾರಕ್ಕೆ ಬಡಾವಣೆಯವರು ಬಾಯಿ ಬಿಡುವುದು ಸಾಮಾನ್ಯವಾಗಿ ಜೆಸಿಬಿ ಬಂದು ನಿಂತ ಮೇಲೆ. "ಇಲ್ಲೊಂದು ಬೆಂಚು ಬೇಕಿತ್ತು", "ಆ ಮರಕ್ಕೆ ಯಾಕೆ ಕೈ ಹಾಕ್ತೀರಿ", "ಹುಡುಗ್ರು ಆಡೋಕೆ ಎಲ್ಲಿ ಹೋಗ್ಬೇಕು" ಅಂತೆಲ್ಲ ಆಗ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಎಸ್ಟಿಮೇಟ್, ಅಂದರೆ ಯಾವ ಕೆಲಸಕ್ಕೆ ಎಷ್ಟು ಖರ್ಚು ಅನ್ನುವ ಅಂದಾಜು ಪಟ್ಟಿ, ಮಂಜೂರಾಗಿ, ಟೆಂಡರ್ ಮುಗಿದು, ಗುತ್ತಿಗೆದಾರರ ಕೈಗೆ ವರ್ಕ್ ಆರ್ಡರ್ ಬಂದಿರುತ್ತದೆ. ಅದರಲ್ಲಿ ಏನು ಬರೆದಿದೆಯೋ ಅಷ್ಟನ್ನೇ ಅವರು ಮಾಡುತ್ತಾರೆ, ಅಷ್ಟಕ್ಕೇ ಬಿಲ್ ಆಗುತ್ತದೆ. ಹಾಗಾಗಿ ಜನರ ಮಾತಿಗೆ ಬೆಲೆ ಇರುವುದು ಎಸ್ಟಿಮೇಟ್‌ಗೆ ಸಹಿ ಬೀಳುವ ತನಕ. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದೆಲ್ಲ ಅದಕ್ಕೆ ಮುಂಚೆ ಮಾಡಬೇಕಾದ ಕೆಲಸವೇ.

ಮೊದಲು ಕಾಗದ

ಖಾಲಿ ಜಾಗ ಕಂಡ ತಕ್ಷಣ ಅದನ್ನು ಪಾರ್ಕ್ ಅಂದುಕೊಳ್ಳಬೇಡಿ. ಒಪ್ಪಿಗೆ ಪಡೆದ ಬಡಾವಣೆ ನಕ್ಷೆಯಲ್ಲಿ ಅದು ಪಾರ್ಕ್ ಅಂತ ಇದೆಯೋ, ಸಿ.ಎ. ಸೈಟೋ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ಇಲ್ಲಾ ಯಾರದೋ ಸ್ವಂತ ಸೈಟೋ ನೋಡಬೇಕು. ಬೆಂಗಳೂರಲ್ಲಾದರೆ ಬಿಡಿಎ, ಬೇರೆ ಊರಲ್ಲಾದರೆ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ. ಸುಮ್ನೆ ಓಡಾಡಿಸಿದರೆ 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ. ಖಾಸಗಿಯವರು ಮಾಡಿದ ಬಡಾವಣೆಯಾಗಿದ್ದರೆ ಆ ಜಾಗವನ್ನು ಸರ್ಕಾರದ ವಶಕ್ಕೆ ಬರೆದುಕೊಟ್ಟಿದ್ದಾರಾ ಅನ್ನುವುದನ್ನು ಖಂಡಿತ ನೋಡಿ. ಕೊಟ್ಟಿಲ್ಲದಿದ್ದರೆ ಪಾಲಿಕೆ ಅಲ್ಲಿ ದುಡ್ಡು ಹಾಕಲು ಹಿಂದೇಟು ಹಾಕುತ್ತದೆ.

ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದರೆ ನಿಮ್ಮ ಕೈ ಗಟ್ಟಿಯಾದ ಹಾಗೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಪಾರ್ಕ್, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು ಕರ್ನಾಟಕದಲ್ಲಿ 1985ರ ಕಾಯ್ದೆಯೂ ಇದೆ.

ಇನ್ನೊಂದು ಮಾತು. ಬೆಂಗಳೂರಲ್ಲಿ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ಅಂತ ತಿಳಿದುಕೊಂಡೇ ಅರ್ಜಿ ಬರೆಯಿರಿ, ಇಲ್ಲದಿದ್ದರೆ ಫೈಲು ಊರೆಲ್ಲ ಸುತ್ತುತ್ತದೆ.

ಒಂದು ವಾರ ಸುಮ್ನೆ ನೋಡಿ

ಸಭೆ ಕರೆಯುವ ಮೊದಲು ಆ ಜಾಗವನ್ನು ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 5ಕ್ಕೆ, ರಾತ್ರಿ 9ಕ್ಕೆ ಹೋಗಿ ನೋಡಿ. ಖಾಲಿ ಅಂದುಕೊಂಡ ಜಾಗ ಖಾಲಿ ಇರುವುದೇ ಇಲ್ಲ. ಒಂದು ಮೂಲೆಯಲ್ಲಿ ಹುಡುಗರು ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುತ್ತಿರುತ್ತಾರೆ, ಹೊಂಗೆ ಮರದ ಕೆಳಗೆ ಮನೆಕೆಲಸದ ಹೆಂಗಸರು ಎರಡು ಮನೆಗಳ ನಡುವಿನ ಬಿಡುವಲ್ಲಿ ಕೂತು ಡಬ್ಬಿ ಬಿಚ್ಚುತ್ತಾರೆ, ಡೆಲಿವರಿ ಹುಡುಗರು ಗಾಡಿ ನಿಲ್ಲಿಸಿ ಫೋನ್ ನೋಡುತ್ತಾರೆ. ಬಸ್ ಸ್ಟಾಪಿಗೆ ಹೋಗುವವರು ಅಡ್ಡ ಹಾಯ್ದು ಹಾಯ್ದು ಹುಲ್ಲಿನ ಮಧ್ಯೆ ಒಂದು ಕಾಲುದಾರಿ ಬಿದ್ದಿರುತ್ತದೆ. ಆ ಕಾಲುದಾರಿಯನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ, ಯಾಕೆಂದರೆ ನೀವು ಅದಕ್ಕೆ ಅಡ್ಡ ಕಾಂಪೌಂಡ್ ಕಟ್ಟಿದರೆ ನಾಲ್ಕೇ ತಿಂಗಳಲ್ಲಿ ಯಾರೋ ಗ್ರಿಲ್ ಬಗ್ಗಿಸಿ ದಾರಿ ಮಾಡಿಕೊಂಡಿರುತ್ತಾರೆ.

"ಏನು ಬೇಕು" ಅಂತ ಕೇಳಬೇಡಿ

ಈ ಪ್ರಶ್ನೆಗೆ ಎಲ್ಲ ಕಡೆ ಒಂದೇ ಉತ್ತರ: ಓಪನ್ ಜಿಮ್, ಕಾರಂಜಿ, ಪೇವರ್ ಹಾಕಿದ ವಾಕಿಂಗ್ ಪಾತ್. ಪಕ್ಕದ ಬಡಾವಣೆಯಲ್ಲಿ ಕಂಡದ್ದನ್ನೇ ಜನ ಹೇಳುತ್ತಾರೆ, ಅದು ಅವರ ತಪ್ಪಲ್ಲ. "ದಿನದಲ್ಲಿ ಯಾವ ಹೊತ್ತಿಗೆ ನಿಮಗೆ ಬಿಡುವು? ಆಗ ಎಲ್ಲಿ ಕೂರುತ್ತೀರಿ? ಕತ್ತಲಾದ ಮೇಲೆ ಈ ಕಡೆ ಬರಲು ಯಾಕೆ ಹಿಂಜರಿಕೆ?" ಅಂತ ಕೇಳಿ ನೋಡಿ, ಬೇರೆಯೇ ಉತ್ತರ ಬರುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿ ಮುಗಿಸಿಬಿಡುವ ಆಸೆ ಆಗುತ್ತದೆ, ಅಲ್ವಾ? ಆದರೆ ಆ ಗ್ರೂಪಿನಲ್ಲಿರುವುದು ಹೆಚ್ಚಾಗಿ ಸ್ವಂತ ಮನೆಯವರು. ಬಾಡಿಗೆಯವರು, ಪಿಜಿ ಹುಡುಗಿಯರು, ಇಸ್ತ್ರಿ ಗಾಡಿಯವರು, ಪೌರಕಾರ್ಮಿಕರು ಅಲ್ಲಿ ಇರುವುದಿಲ್ಲ. ಅವರ ಹತ್ತಿರ ನೀವೇ ಹೋಗಿ ಮಾತಾಡಿ. ಮಕ್ಕಳನ್ನು ದೊಡ್ಡವರಿಲ್ಲದ ಕಡೆ ಕೂರಿಸಿ ಚಿತ್ರ ಬರೆಸಿ. ಹೆಂಗಸರ ಸಭೆಯನ್ನು ಬೇರೆಯಾಗಿ, ಅವರಿಗೆ ಅನುಕೂಲವಾದ ಹೊತ್ತಿಗೆ ಇಡಿ. ಎಲ್ಲರೂ ಸೇರುವ ಭಾನುವಾರದ ಸಭೆಯಲ್ಲಿ ಜೋರು ದನಿಯವರೇ ಗೆಲ್ಲುವುದು. ನಾಯಿ ಬೇಕೋ ಬೇಡವೋ ಅನ್ನುವ ಜಗಳವಂತೂ ಬಂದೇ ಬರುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸುಣ್ಣದ ಪುಡಿಯಲ್ಲಿ ನಕ್ಷೆ

ಕಾಗದದ ನಕ್ಷೆ ಎಂಜಿನಿಯರ್‌ಗೆ ಅರ್ಥವಾಗುತ್ತದೆ, ಉಳಿದವರು ಸುಮ್ನೆ ತಲೆ ಆಡಿಸುತ್ತಾರೆ. ಬದಲಿಗೆ ಐದಾರು ಕಿಲೋ ಸುಣ್ಣದ ಪುಡಿ ತಂದು ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಹಾಗೆ ನೆಲದ ಮೇಲೆಯೇ ಹಾಕಿಬಿಡಿ: ಇಲ್ಲಿ ದಾರಿ, ಇಲ್ಲಿ ಉಯ್ಯಾಲೆ, ಇಲ್ಲಿ ಕಲ್ಲು ಬೆಂಚು. ಬೆಂಚಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಡಿ. ಅಜ್ಜಿಯೊಬ್ಬರು ಸಂಜೆ 4ಕ್ಕೆ ಬಂದು ಅದರಲ್ಲಿ ಕೂತರೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ, ಕುರ್ಚಿಯನ್ನು ಎತ್ತಿ ಮರದ ಆಚೆ ಇಟ್ಟರೆ ಆಯಿತು. ದಾರಿಯಲ್ಲಿ ಇಬ್ಬರು ಪಕ್ಕಪಕ್ಕ ನಡೆದು, ಎದುರಿಂದ ಮಗುವಿನ ಗಾಡಿ ತಳ್ಳಿಕೊಂಡು ಬರಲು ಹೇಳಿ. ಅಗಲ ಸಾಲದಿದ್ದರೆ ಗೆರೆ ಅಳಿಸಿ ಮತ್ತೆ ಎಳೆಯಿರಿ. ಎಲ್ಲರೂ ಒಪ್ಪಿದ ಮೇಲೆ ಅಳತೆ ತೆಗೆದು, ಫೋಟೋ ಹಿಡಿದು ಕಾಗದಕ್ಕೆ ಇಳಿಸಿ.

ನೀರು ಮತ್ತು ಮರ

ಅರ್ಧ ಎಕರೆ ಅಂದರೆ 20 ಗುಂಟೆ, ಸುಮಾರು 2,000 ಚದರ ಮೀಟರ್. ಅಷ್ಟು ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್ ನೀರು. ಎಲ್ಲ ಕಡೆ ಪೇವರ್ ಹಾಕಿದರೆ ಅದು ಚರಂಡಿಗೆ, ಮಣ್ಣು ಬಿಟ್ಟು ಇಂಗುಗುಂಡಿ ತೆಗೆದರೆ ನೆಲಕ್ಕೆ. ಜಾಗದ ತಗ್ಗು ಮೂಲೆ ಯಾವುದು ಅಂತ ಪಕ್ಕದ ಮನೆಯವರನ್ನು ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹುಲ್ಲುಹಾಸು ಕಣ್ಣಿಗೆ ಚೆಂದ, ಆದರೆ ದಿನಾ ನೀರು ಕೇಳುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂದದ್ದು ನೆನಪಿದೆಯಲ್ವಾ?

ಇರುವ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು, ಆದ್ದರಿಂದ ಮರ ಉಳಿಸಿಕೊಂಡು ದಾರಿಯನ್ನೇ ಅದರ ಪಕ್ಕಕ್ಕೆ ತಿರುಗಿಸಿ. ಹೊಸದಾಗಿ ನೆಡುವುದಾದರೆ ಹೊಂಗೆ, ಸಂಪಿಗೆ, ಕಕ್ಕೆ, ನೇರಳೆ ನಮ್ಮ ಹವೆಗೆ ಒಗ್ಗುತ್ತವೆ. ನೇರಳೆ ಕೆಳಗೆ ಮಾತ್ರ ಬೆಂಚು ಹಾಕಬೇಡಿ, ಹಣ್ಣಿನ ಕಾಲದಲ್ಲಿ ಬಟ್ಟೆ ಉಳಿಯುವುದಿಲ್ಲ.

ಎಸ್ಟಿಮೇಟ್ ಸಾಲು ಸಾಲು ಓದಿ

ಜನ ಒಪ್ಪಿದ ನಕ್ಷೆ, ಸಹಿಗಳು, ಫೋಟೋ ಎಲ್ಲ ಸೇರಿಸಿ ವಾರ್ಡ್ ಎಂಜಿನಿಯರ್‌ಗೆ ಮತ್ತು ತೋಟಗಾರಿಕೆ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿಕೆ ಬಜೆಟ್ ಏಪ್ರಿಲ್‌ಗೆ ಮುಂಚೆ ಆಗುತ್ತದೆ, ಹಾಗಾಗಿ ದೀಪಾವಳಿ ಹೊತ್ತಿಗೆ ಇದು ಅವರ ಮೇಜಿನ ಮೇಲಿದ್ದರೆ ಒಳ್ಳೆಯದು.

ಎಸ್ಟಿಮೇಟ್ ತಯಾರಾದಾಗ ಪ್ರತಿ ಕೇಳಿ. ದುಡ್ಡೆಲ್ಲ ಗ್ರಿಲ್, ಕಮಾನು, ನಾಮಫಲಕಕ್ಕೆ ಹೋಗಿ ಗಿಡಕ್ಕೆ ಚಿಲ್ಲರೆ ಉಳಿದಿದ್ದರೆ ಆಗಲೇ ತಕರಾರು ಎತ್ತಿ. ಗೇಟಿನ ಹತ್ತಿರ ಮೆಟ್ಟಿಲಿದ್ದರೆ ಇಳಿಜಾರು ದಾರಿ ಇದೆಯಾ ನೋಡಿ. ಗಾಲಿಕುರ್ಚಿಗೆ 1:12 ಇಳಿಜಾರು ಬೇಕು, ಅಂದರೆ ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಶೌಚಾಲಯ, ದೀಪ, ಮಾಲಿಯ ಸಂಬಳ, ಗಿಡಗಳಿಗೆ ಮೊದಲ ಎರಡು ಬೇಸಿಗೆಯ ನೀರು ಇವು ಬರವಣಿಗೆಯಲ್ಲಿ ಇರಲೇಬೇಕು.

ಬೀಗ ಯಾರ ಕೈಯಲ್ಲಿ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಬೆಂಗಳೂರಲ್ಲಿ 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತಾಯಿತು. ಮಧ್ಯಾಹ್ನ ಗೇಟು ಮುಚ್ಚಿದರೆ ಆ ಡಬ್ಬಿ ಬಿಚ್ಚುವ ಹೆಂಗಸರು ಫುಟ್‌ಪಾತಿನ ಮೇಲೆ ಕೂರಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಮೊದಲ ಜೋರು ಮಳೆಯ ಮರುದಿನ ಎಂಜಿನಿಯರ್ ಜೊತೆ ಒಂದು ಸುತ್ತು ಹಾಕಿ. ನೀರು ಎಲ್ಲೆಲ್ಲಿ ನಿಂತಿದೆ, ಯಾವ ಕಲ್ಲು ಕುಸಿದಿದೆ ಅಂತ ಬರೆದು ಕೊಡಿ. ಗುತ್ತಿಗೆದಾರರ ದುರಸ್ತಿ ಹೊಣೆ ಎಷ್ಟು ತಿಂಗಳು ಅಂತ ಕರಾರಿನಲ್ಲಿ ಇರುತ್ತದೆ, ಅಷ್ಟರೊಳಗೆ ಹೇಳಿದರೆ ಅವರ ಖರ್ಚಿನಲ್ಲೇ ಸರಿ ಮಾಡಿಸಬಹುದು.