ಅಮೆರಿಕನ್ನರಾಗುವುದು: ಹೊಸದಾಗಿ ಬಂದವರಿಗೆ

ಮೊದಲು ಉಚ್ಚಾರಣೆಯ ಚಿಂತೆ ಬಿಡಿ. ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ನಾನು ಎರಡು ವರ್ಷ ಅದರಲ್ಲೇ ಕಳೆದೆ. ನಾಲಗೆ ಹೊರಳಿಸುವುದನ್ನು ಕಲಿತರೂ ಈ ದೇಶ ನನಗೆ ಅರ್ಥವಾಗಿರಲಿಲ್ಲ.

ಅರ್ಥವಾಗತೊಡಗಿದ್ದು ನಮ್ಮೂರಿನ ಶಾಲಾ ಮಂಡಳಿಯ ಸಭೆಯಲ್ಲಿ. ಮಕ್ಕಳ ಬಸ್ಸಿನ ಮಾರ್ಗವೊಂದನ್ನು ನಿಲ್ಲಿಸುವ ವಿಚಾರ ಬಂದಿತ್ತು. ಕೆಲಸದ ಬಟ್ಟೆಯಲ್ಲೇ ಬಂದಿದ್ದ ಕೊಳಾಯಿ ರಿಪೇರಿಯವರೊಬ್ಬರು ಬಜೆಟ್ಟಿನ ಪುಟ ಹಿಡಿದು ಲೆಕ್ಕ ಕೇಳಿದರು. ‘ನೀವು ಯಾರ ಕಡೆಯವರು?’ ಎಂದು ಯಾರೂ ಕೇಳಲಿಲ್ಲ. ಅಧ್ಯಕ್ಷೆ ಬರೆದುಕೊಂಡರು, ಉತ್ತರಿಸಿದರು. ನನ್ನ ಮಗಳೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದಳು. ಆದರೂ ದೊಡ್ಡವರು ಯಾರಾದರೂ ಮಾತನಾಡಲಿ ಎಂದು ಹಿಂದಿನ ಸಾಲಿನಲ್ಲಿ ಕಾಯುತ್ತ ಕುಳಿತಿದ್ದೆ. ಇಲ್ಲಿ ಆ ದೊಡ್ಡವರು ನಾವೇ ಎಂಬುದು ಅಂದು ಹೊಳೆಯಿತು. ಮುಂದಿನ ತಿಂಗಳು ಎದ್ದು ನಿಂತು ಮಾತನಾಡಿದೆ, ಕೈ ನಡುಗುತ್ತಿತ್ತು.

ನೀವೂ ಹೋಗಿ. ಇದಕ್ಕೆ ಪೌರತ್ವ ಬೇಕಿಲ್ಲ. ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗಳಲ್ಲಿ ವರ್ಷಕ್ಕೆ ಪ್ರತಿ ದೇಶಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಉದ್ಯೋಗದ ಮೇಲೆ ಬಂದ ನಮ್ಮವರು ಅದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಅಷ್ಟು ಕಾಲ ಊರಿನ ಬದುಕಿನಿಂದ ಹೊರಗುಳಿಯಬೇಡಿ.

ಒಂದು ಎಚ್ಚರಿಕೆ: ಚಾಲನಾ ಪರವಾನಗಿ ಕಚೇರಿಯಲ್ಲಿ ‘ಮತದಾರರಾಗಿ ನೋಂದಾಯಿಸಬೇಕೇ?’ ಎಂದು ಕೇಳಿದರೆ, ಪೌರರಲ್ಲದವರು ಬೇಡವೆನ್ನಲೇಬೇಕು. ಕಣ್ತಪ್ಪಿನಿಂದ ಹೌದೆಂದರೂ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು.

ನಮಗಿಂತ ಮುಂಚೆ ಬಂದವರನ್ನೂ ನೆನೆಯಿರಿ. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಈ ದೇಶದ ಸೇನೆಯಲ್ಲಿದ್ದವರು. ಅವರು ಬಿಳಿಯರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ನಮ್ಮ ಕೈಗೆ ಬಂದಿರುವುದು ಅವರು ಹೋರಾಡಿದ ಹಕ್ಕು.

ಪೌರತ್ವದ ಪ್ರಮಾಣವಚನದಲ್ಲಿ ಬೇರೆ ದೇಶದ ನಿಷ್ಠೆಯನ್ನು ತ್ಯಜಿಸುವ ಸಾಲು ಬಂದಾಗ ನನ್ನ ಗಂಟಲು ಕಟ್ಟಿತು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆದ ಮೇಲೆ ಅಲ್ಲಿ ಮತವಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರಬಹುದು, ಅಷ್ಟೇ. ಈ ನೋವನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಸಾಲಿನಲ್ಲಿ ಕನ್ನಡವನ್ನು ಬಿಡಿ ಎಂದು ಎಲ್ಲಿಯೂ ಇಲ್ಲ. ಮನೆಯಲ್ಲಿ ಮಕ್ಕಳೊಂದಿಗೆ ಧೈರ್ಯವಾಗಿ ಕನ್ನಡದಲ್ಲೇ ಮಾತನಾಡಿ.

ಪೌರರಾದ ಮೇಲೆ ಜ್ಯೂರಿಗೆ, ಅಂದರೆ ನ್ಯಾಯಾಲಯದಲ್ಲಿ ತೀರ್ಮಾನ ಹೇಳುವ ಸಾಮಾನ್ಯ ಪೌರರ ಮಂಡಳಿಗೆ, ಕರೆ ಬಂದರೆ ನೆಪ ಹುಡುಕಬೇಡಿ. ಇನ್ನೊಬ್ಬರ ಸ್ವಾತಂತ್ರ್ಯದ ಪ್ರಶ್ನೆಯನ್ನು ನಿಮ್ಮ ವಿವೇಕಕ್ಕೆ ಒಪ್ಪಿಸುವ ಕರೆ ಅದು. ಪೌರರಾಗುವ ಮೊದಲೇ ಪತ್ರ ಬಂದರೆ ಎಸೆಯದೆ, ಪೌರರಲ್ಲವೆಂದು ಗುರುತು ಹಾಕಿ ಹಿಂದಿರುಗಿಸಿ.